ಟೂ ಬಿಟ್ಟ ಗೆಳತಿಯರು, ನಾಲ್ಕು ಭಾನುವಾರದ ಕ್ಲಾಸು

ನನ್ನ ಮಗಳಿಗೆ ಒಂಬತ್ತು ವರ್ಷ. ಜನವರಿಯಲ್ಲಿ ಒಂದು ದಿನ ಸ್ಕೂಲಿಂದ ಬಂದವಳ ಊಟದ ಡಬ್ಬಿ ತೆರೆದು ನೋಡಿದರೆ ಚಿತ್ರಾನ್ನ ಹಾಕಿದ್ದು ಹಾಕಿದ ಹಾಗೇ ಇತ್ತು. ಕೇಳಿದ್ದಕ್ಕೆ, "ಅವರಿಬ್ಬರೂ ಟೂ ಬಿಟ್ಟಿದ್ದಾರೆ, ಯಾರ ಹತ್ರ ಕೂತು ತಿನ್ನಲಿ?" ಅಂದಳು. ಒಂದನೇ ಕ್ಲಾಸಿಂದ ಮೂರೂ ಜನ ಒಂದೇ ಬೆಂಚು. ನನಗೆ ತಡೆಯಲಾಗಲಿಲ್ಲ, ಅವರಲ್ಲಿ ಒಬ್ಬಳ ಅಮ್ಮನಿಗೆ ಫೋನ್ ಮಾಡಿಬಿಟ್ಟೆ. ಅದೇ ತಪ್ಪಾಯಿತು. ಮರುದಿನ "ಇವಳು ಅಮ್ಮನ ಹತ್ರ ಚಾಡಿ ಹೇಳ್ತಾಳೆ" ಅಂತ ಇನ್ನೂ ನಾಲ್ಕು ಜನ ಮಾತು ಬಿಟ್ಟರು.

ಆಗ ಪಕ್ಕದ ಮನೆಯ ಅಕ್ಕ ಹೇಳಿದ್ದು, ಮಕ್ಕಳಿಗೆ ಗೆಳೆತನದ ಬಗ್ಗೆ ಹೇಳಿಕೊಡುವ ಈ ಕ್ಲಾಸಿನ ವಿಷಯ. ದಾವಣಗೆರೆ ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ ಮೇಲೆ, ಮಕ್ಕಳ ಕೌನ್ಸೆಲರ್ ಒಬ್ಬರು ನಡೆಸುತ್ತಾರೆ. ಕೊರತೆಗಳನ್ನೂ ಬರೆಯುತ್ತಿರುವುದರಿಂದ ಹೆಸರು ಹಾಕುತ್ತಿಲ್ಲ. ನಾಲ್ಕು ಭಾನುವಾರ, ದಿನಕ್ಕೆ ಒಂದೂವರೆ ಗಂಟೆ, ಒಟ್ಟು 1,200 ರೂಪಾಯಿ. ನಾವು ಹೋಗಿದ್ದು ಏಪ್ರಿಲ್‌ನಲ್ಲಿ.

ಮೊದಲ ದಿನ ಉಪದೇಶ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಮೇಡಂ ಮಕ್ಕಳನ್ನೆಲ್ಲ ಕೆಳಗೆ ಅಂಗಳಕ್ಕೆ ಕರೆದುಕೊಂಡು ಹೋಗಿ ಲಗೋರಿ ಆಡಿಸಿದರು, ಮೂರು ಮಕ್ಕಳನ್ನು ಮಾತ್ರ ಬೇಕಂತಲೇ ಹೊರಗೆ ನಿಲ್ಲಿಸಿದರು. ನಡೆಯುತ್ತಿರುವ ಆಟದೊಳಗೆ ಹೇಗೆ ಸೇರಬೇಕು ಅನ್ನುವುದೇ ಅವತ್ತಿನ ಪಾಠ. ನನ್ನ ಮಗಳು ನೇರವಾಗಿ ನುಗ್ಗಿ "ನನ್ನೂ ಸೇರಿಸ್ಕೊಳ್ಳಿ" ಅಂದಳು, ಯಾರೂ ತಿರುಗಿಯೂ ನೋಡಲಿಲ್ಲ. ಆಮೇಲೆ ಮೇಡಂ ಹೇಳಿಕೊಟ್ಟರು: ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ಯಾರು ಏನು ಮಾಡ್ತಿದ್ದಾರೆ ನೋಡು, ಆಟಕ್ಕೆ ಬೇಕಾದ್ದು ಏನಾದರೂ ಮಾಡು. ಎರಡನೇ ಸಲ ಚೆಂಡು ಉರುಳಿ ಗೇಟಿನ ಹತ್ತಿರ ಹೋದಾಗ ಇವಳು ಓಡಿಹೋಗಿ ತಂದು ಎಸೆದಳು. ಮೂರನೇ ಚೆಂಡಿಗೆ "ಏ, ನೀನು ಈ ಕಡೆ ನಿಲ್ಲು" ಅಂತ ಅವರೇ ಕರೆದರು. ಅವಳ ಮುಖ ಆಗ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ.

ಎರಡನೇ ವಾರ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೂರು ಸುತ್ತು ಬರೆಸಿದರು. ಒಳಗಿನ ಸುತ್ತಿನಲ್ಲಿ ಗುಟ್ಟು ಹೇಳುವವರು, ನಡುವಿನದರಲ್ಲಿ ಜೊತೆಗೆ ಆಡುವವರು, ಹೊರಗಿನದರಲ್ಲಿ ಸುಮ್ನೆ ಪರಿಚಯ ಇರುವವರು. ಒಳಗಿದ್ದವರು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಬಹುದು. ನನ್ನ ಮಗಳು ತುಂಬ ಹೊತ್ತು ಕೂತು, ಕೊನೆಗೆ ದಿನಾ ಸ್ಕೂಲ್ ಆಟೋದಲ್ಲಿ ಪಕ್ಕದಲ್ಲೇ ಕೂರುವ ಹುಡುಗಿಯ ಹೆಸರನ್ನು ನಡುವಿನ ಸುತ್ತಿನಲ್ಲಿ ಬರೆದಳು. ಅಷ್ಟು ದಿನ ಆ ಮಗುವಿನ ಹೆಸರನ್ನು ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ.

ಮೂರನೇ ವಾರ ಜಗಳ ಬೇರೆ, ಕಾಟ ಬೇರೆ ಅನ್ನುವುದು. ಇಬ್ಬರೂ ಕೂಗಾಡಿ ಸಂಜೆಗೆ ಸರಿಹೋದರೆ ಜಗಳ. ಬಲ ಜಾಸ್ತಿ ಇರುವವರು ಬೇಕಂತಲೇ ಮತ್ತೆ ಮತ್ತೆ ಒಬ್ಬರನ್ನೇ ನೋಯಿಸಿದರೆ ಅದು ಕಾಟ, ಆಗ ದೊಡ್ಡವರಿಗೆ ಹೇಳುವುದು ಚಾಡಿಯಲ್ಲ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡೂ ನಂಬರನ್ನು ಮಕ್ಕಳ ಕೈಯಲ್ಲೇ ಬರೆಸಿದರು.

ಕೊನೆಯ ಭಾನುವಾರ ಅಪ್ಪ ಅಮ್ಮಂದಿರಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸೆಲ್ಮನ್ ಮಕ್ಕಳ ಗೆಳೆತನದ ಹಂತಗಳನ್ನು ಹೇಳಿದ್ದಾರಂತೆ, ಮೇಡಂ ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. ನಾಲ್ಕೈದು ವರ್ಷಕ್ಕೆ ಆಟದ ಸಾಮಾನು ಹಿಡಿದು ಪಕ್ಕದಲ್ಲಿ ಕೂತವರೇ ಗೆಳೆಯರು. ನನ್ನ ಮಗಳ ವಯಸ್ಸಿಗೆ ಕೊಟ್ಟು ತಗೊಳ್ಳುವ ಲೆಕ್ಕ: ನಾನು ಪೆನ್ಸಿಲ್ ಕೊಟ್ಟೆ, ನೀನ್ಯಾಕೆ ಕೊಡಲಿಲ್ಲ? ಲೆಕ್ಕ ತಪ್ಪಿದರೆ ಟೂ. ಜಗಳ ಆಡಿಯೂ ಗೆಳತಿಯರಾಗಿ ಇರಬಹುದು ಅನ್ನುವುದು ನಿಧಾನವಾಗಿ ಬರುತ್ತದೆ. ಇದು ಮೊದಲೇ ಗೊತ್ತಿದ್ದರೆ ನಾನು ಆ ಫೋನ್ ಮಾಡುತ್ತಲೇ ಇರಲಿಲ್ಲ. ಅದಕ್ಕೇ ನನ್ನ ದೊಡ್ಡ ದೂರು ಏನಂದರೆ, ಹೆತ್ತವರ ಕ್ಲಾಸು ಮೊದಲ ವಾರವೇ ಇರಬೇಕಿತ್ತು.

ಎದುರು ಕೂರಿಸಿಕೊಂಡು ಪೊಲೀಸರ ಹಾಗೆ ಪ್ರಶ್ನೆ ಕೇಳಬೇಡಿ, ಕೈಗೆ ಏನಾದರೂ ಕೆಲಸ ಇರುವಾಗ ಮಾತು ತಾನಾಗಿ ಬರುತ್ತದೆ ಅಂದರು. ಅವತ್ತು ವಾಪಸ್ ಬರುವಾಗ ಗಾಡಿ ಹತ್ತಿರ ನಿಂತು ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ನಾನು ಏನೂ ಕೇಳಲಿಲ್ಲ. ಪೊಟ್ಟಣ ಅರ್ಧ ಖಾಲಿಯಾಗುವಷ್ಟರಲ್ಲಿ ಜನವರಿಯ ಕಥೆ ಪೂರ್ತಿ ಹೊರಗೆ ಬಂತು. ಟೂ ಬಿಟ್ಟವರಲ್ಲಿ ಒಬ್ಬಳ ಬರ್ತ್‌ಡೇಗೆ ಇವಳು ಹೋಗಿರಲಿಲ್ಲ, ಶುರುವಾಗಿದ್ದು ಅಲ್ಲಿಂದ. ಹೋಗದೇ ಇದ್ದದ್ದು ನಾವು ಊರಿಗೆ ಹೋಗಿದ್ದಕ್ಕೆ.

ಇನ್ನೂ ಎರಡು ಕೊರತೆ. ಆರು ವರ್ಷದವರನ್ನೂ ಹನ್ನೆರಡು ವರ್ಷದವರನ್ನೂ ಒಂದೇ ಗುಂಪಿನಲ್ಲಿ ಹಾಕುತ್ತಾರೆ, ಚಿಕ್ಕವರಿಗೆ ಅರ್ಥವಾಗುವುದಿಲ್ಲ, ದೊಡ್ಡವರಿಗೆ ಬೇಜಾರು. ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕುವುದು, ಫೋಟೋಗೆ ನಗುವುದು, ಇದರ ಬಗ್ಗೆ ಒಂದು ಮಾತೂ ಇಲ್ಲ. ಈಗ ದೊಡ್ಡ ಮಕ್ಕಳ ಅರ್ಧ ಜಗಳ ಅಲ್ಲೇ ಅಲ್ವಾ? ಮೇಲಿನ ರೂಮಿನಲ್ಲಿ ಸೆಕೆ ವಿಪರೀತ, ನೀರಿನ ಬಾಟಲಿ ಕೊಟ್ಟು ಕಳಿಸಿ.

ಇಬ್ಬರಲ್ಲಿ ಒಬ್ಬಳು ಜೂನ್‌ನಲ್ಲಿ ತಾನೇ ಬಂದು ಮಾತಾಡಿಸಿದ್ದಾಳೆ. ಇನ್ನೊಬ್ಬಳು ಇಲ್ಲ. ಮಗಳು ಈಗ ಆಟೋದ ಹುಡುಗಿ ಜೊತೆ ಊಟ ಮಾಡುತ್ತಾಳೆ. ಎಂಟರಿಂದ ಹತ್ತು ವರ್ಷದ ಮಕ್ಕಳಿದ್ದರೆ ಧೈರ್ಯವಾಗಿ ಕಳಿಸಿ. ಮುಂದಿನ ಬ್ಯಾಚು ದಸರಾ ರಜೆಗಂತೆ. ಹರಿಹರದಲ್ಲಿರುವ ನನ್ನ ತಂಗಿ ಮಗನಿಗೆ ಹನ್ನೊಂದು, ದೊಡ್ಡವರಿಗೆ ಬೇರೆ ಗುಂಪು ಮಾಡಿದರೆ ಮಾತ್ರ ಸೇರಿಸುತ್ತೇವೆ ಅಂತ ಮೇಡಂಗೆ ಹೇಳಿ ಬಂದಿದ್ದೇನೆ.