ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಘಟ್ಟ: ದೇವಿಮನೆಯೋ, ಅರಬೈಲೋ?

ಎಂಜಿಬಿಯಂತಹ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕಾರವಾರದಿಂದ ಶಿರಸಿಗೆ ಹೊರಟವರಿಗೆ ನನ್ನ ಸಲಹೆ ದೇವಿಮನೆ ಘಟ್ಟ. ಅಂಕೋಲಾದವರೆಗೆ ದಾರಿ ಒಂದೇ. ಮುಂದೆ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ ಸಾಗಿ ಕುಮಟಾದ ಬಳಿ ಘಟ್ಟಕ್ಕೆ ತಿರುಗಬೇಕು.

ಅರಬೈಲ್ ಮೂಲಕ ಯಲ್ಲಾಪುರ ಸೇರುವ 52ನೇ ಹೆದ್ದಾರಿ ಹುಬ್ಬಳ್ಳಿ ಲಾರಿಗಳ ದಾರಿ. ತೊಂದರೆ ಇರುವುದು ಅಲ್ಲೇ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಗಳಲ್ಲಿ ಬಹುಪಾಲಿನವುಗಳ ರೇಡಿಯೇಟರ್ ಫ್ಯಾನ್ ಎಂಜಿನ್ ವೇಗಕ್ಕೆ ತಕ್ಕಂತೆ ತಿರುಗುತ್ತದೆ. ತುಂಬಿದ ಲಾರಿಯ ಹಿಂದೆ ಏರಿನಲ್ಲಿ ತೆವಳುವಾಗ ಫ್ಯಾನ್ ನಿಧಾನ, ಎದುರುಗಾಳಿಯೂ ಇಲ್ಲ. 1,798 ಸಿಸಿ ಎಂಜಿನ್ ಕಾದು, ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಬಹುದು. ಆಗ ತಣಿಯುವವರೆಗೆ ಕಾಯುವುದೇ ಗತಿ.

ದೇವಿಮನೆಯಲ್ಲಿ ತಿರುವು ಹೆಚ್ಚು, ಲಾರಿ ಕಡಿಮೆ. ಎರಡನೇ ಗೇರಿನಲ್ಲಿ ಒಂದೇ ಲಯದಲ್ಲಿ ಏರಬಹುದು. ಮೇಲ್ಛಾವಣಿ ಮಡಚಿದರೆ ಕಾಡಿನ ತಂಪು ಮೈಗೆ ತಾಗುತ್ತದೆ. ಇಂಥ ಕಾರು ಇರುವುದೇ ಅದಕ್ಕಾಗಿ! ಇಳಿಯುವಾಗಲೂ ಅದೇ ಗೇರ್ ಇರಲಿ, ಬ್ರೇಕಿಗೆ ಬಿಡುವು ಸಿಗುತ್ತದೆ.

ಮಾಗೋಡು, ಸಾತೊಡ್ಡಿ ಜಲಪಾತಗಳೇ ಗುರಿಯಾದರೆ ಮಾತ್ರ ಅರಬೈಲ್, ಅದೂ ಬೆಳಗಿನ ಜಾವ. ಮಳೆಗಾಲದಲ್ಲಿ ಎರಡೂ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ 66ನೇ ಹೆದ್ದಾರಿಯ ಮೇಲೆ.