ಅನ್‌ಪೇವಾಲ್ ಎಕ್ಸ್‌ಟೆನ್ಷನ್: ಕೋಲಾರದ ನೀರಿನ ಬಗ್ಗೆ ಓದೋರೆಲ್ಲಾ ಹಾಕ್ಕೊಳ್ಳಿ, 5ಕ್ಕೆ 4

ಕೋಲಾರದಲ್ಲಿ ಕೂತು ಫ್ಲೋರೈಡ್ (ನೀರಲ್ಲಿ ಜಾಸ್ತಿ ಇದ್ರೆ ಹಲ್ಲು ಹಾಳುಮಾಡೋ ಲವಣ) ಬಗ್ಗೆ, ಕೆ.ಸಿ. ವ್ಯಾಲಿ (ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ನಮ್ಮ ಕೆರೆಗೆ ಬಿಡೋ ಯೋಜನೆ) ಬಗ್ಗೆ, ನಮ್ಮ ಕೆರೆ ಬೋರ್‌ವೆಲ್‌ಗಳ ಬಗ್ಗೆ ಏನಾದ್ರೂ ಸರಿಯಾಗಿ ಓದ್ಬೇಕು ಅಂದ್ಕೊಂಡಿರೋರೆಲ್ಲಾ ಕಂಪ್ಯೂಟರ್‌ನಲ್ಲಿ ಅನ್‌ಪೇವಾಲ್ ಹಾಕ್ಕೊಳ್ಳಿ. ದುಡ್ಡು ಕೇಳೋ ರಿಸರ್ಚ್ ಪೇಪರ್‌ಗಳ ಕಾನೂನುಬದ್ಧ ಫ್ರೀ ಪ್ರತಿ ಹುಡುಕಿಕೊಡೋ ಬ್ರೌಸರ್ ಎಕ್ಸ್‌ಟೆನ್ಷನ್ ಇದು, ಪೂರ್ತಿ ಫ್ರೀ. ಕ್ರೋಮ್‌ಗೂ ಇದೆ ಫೈರ್‌ಫಾಕ್ಸ್‌ಗೂ ಇದೆ, ಅಕೌಂಟ್ ಮಾಡಿ ಓಟಿಪಿ ಹಾಕಿ ಅಂತೆಲ್ಲಾ ಕೇಳಲ್ಲ. ನಾನು ಇಲ್ಲಿ ಒಂದು ಪ್ರೈವೇಟ್ ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ, ಹುಡುಗ್ರ ಕೈಲಿ ಬೋರ್‌ವೆಲ್ ನೀರಿನ ಪ್ರಾಜೆಕ್ಟ್ ಮಾಡಿಸ್ತೀನಿ, ಹಾಗಾಗಿ ಇದು ನಂಗೆ ಹೆಚ್ಚುಕಮ್ಮಿ ದಿನಾ ಬೇಕಾಗತ್ತೆ.

ಮೊದಲು ಸಮಸ್ಯೆ ಏನು ಅಂತ ಹೇಳ್ತೀನಿ. ಗೂಗಲ್ ಸ್ಕಾಲರ್‌ನಲ್ಲಿ ಕೋಲಾರ, ಫ್ಲೋರೈಡ್ ಅಂತ ಹುಡುಕಿ, ಸಾಲುಸಾಲು ಪೇಪರ್ ಬರತ್ತೆ. ಕ್ಲಿಕ್ ಮಾಡಿದ್ರೆ ಹತ್ತು ಸಾಲಿನ ಅಬ್‌ಸ್ಟ್ರಾಕ್ಟ್ (ಸಾರಾಂಶ) ಕಾಣ್ಸತ್ತೆ, ಅದರ ಕೆಳಗೆ ಪಿಡಿಎಫ್ ಬೇಕಾದ್ರೆ ಇಷ್ಟು ಡಾಲರ್ ಅಂತ ರೇಟು. ನಮ್ಮ ದುಡ್ಡಲ್ಲಿ ಮೂರು ಸಾವಿರ ದಾಟತ್ತೆ, ಒಂದೇ ಒಂದು ಪೇಪರ್‌ಗೆ! ಸ್ಯಾಂಪಲ್ ತಗೊಂಡಿದ್ದು ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆ ಹಳ್ಳಿ ಬೋರ್‌ವೆಲ್‌ನಿಂದ, ಎಷ್ಟೋ ಸಲ ರಿಸರ್ಚ್‌ಗೆ ದುಡ್ಡು ಕೊಟ್ಟಿದ್ದೂ ಸರ್ಕಾರ, ಅಂದ್ರೆ ನಾವೇ. ಪ್ರಾಜೆಕ್ಟ್‌ಗೆ ನೀರು ತರಕ್ಕೆ ಹೋದಾಗ ಒಬ್ಬ ಹಿರಿಯರು ಕೇಳಿದ್ರು, "ಮೇಷ್ಟ್ರೇ, ನೀರೂ ನಮ್ದೇ, ಹಲ್ಲು ಹಾಳಾಗಿರೋದೂ ನಮ್ದೇ, ಅದನ್ನ ಓದಕ್ಕೂ ನಾವೇ ಕಾಸು ಕೊಡ್ಬೇಕಾ?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಅವ್ರು ಕೇಳಿದ್ದು ನ್ಯಾಯ.

ಈಗ ಅನ್‌ಪೇವಾಲ್ ಏನ್ಮಾಡತ್ತೆ ಅಂದ್ರೆ, ಈ ತರ ಪೇಜ್ ತೆಗೆದ ತಕ್ಷಣ ಆ ಪೇಪರ್‌ನ ಡಿಓಐ ನಂಬರ್ (ಪೇಪರ್‌ಗೊಂದು ಅಂತ ಕೊಡೋ ಗುರುತಿನ ಸಂಖ್ಯೆ) ಹಿಡ್ಕೊಂಡು, ಇದೇ ಪೇಪರ್ ಬೇರೆ ಎಲ್ಲಾದ್ರೂ ಕಾನೂನುಬದ್ಧವಾಗಿ ಫ್ರೀಯಾಗಿ ಇದ್ಯಾ ಅಂತ ತನ್ನ ಡೇಟಾಬೇಸ್‌ನಲ್ಲಿ ನೋಡತ್ತೆ. 50,000ಕ್ಕೂ ಹೆಚ್ಚು ಪಬ್ಲಿಷರ್ ಮತ್ತು ರೆಪಾಸಿಟರಿಗಳಿಂದ (ಪೇಪರ್ ಪ್ರತಿಗಳನ್ನ ಕೂಡಿಡೋ ಆನ್‌ಲೈನ್ ಭಂಡಾರ) ಅವ್ರು ಮಾಹಿತಿ ಕೂಡಿಹಾಕ್ತಾರೆ. ಸಿಕ್ಕಿದ್ರೆ ಸ್ಕ್ರೀನ್‌ನ ಬಲಗಡೆ ಅಂಚಲ್ಲಿ ಹಸಿರು ಬಣ್ಣದ ತೆರೆದ ಬೀಗ ಬರತ್ತೆ, ಒತ್ತಿದ್ರೆ ಪೇಪರ್. ಸಿಗದಿದ್ರೆ ಬೂದು ಬಣ್ಣದ ಮುಚ್ಚಿದ ಬೀಗ. ಇಷ್ಟೇ, ಇದಕ್ಕಿಂತ ಸರಳವಾಗಿ ಮಾಡಕ್ಕಾಗಲ್ಲ. ಇದನ್ನ ಮಾಡಿರೋದು ಅವರ್‌ರಿಸರ್ಚ್ ಅನ್ನೋ ಲಾಭರಹಿತ ಸಂಸ್ಥೆ (ಮೊದ್ಲು ಹೆಸರು ಇಂಪ್ಯಾಕ್ಟ್‌ಸ್ಟೋರಿ), ಜೇಸನ್ ಪ್ರೀಮ್ ಮತ್ತು ಹೀದರ್ ಪಿವೋವರ್ ಶುರುಮಾಡಿದ್ದು, ಎಕ್ಸ್‌ಟೆನ್ಷನ್ ಬಂದಿದ್ದು 2017ರಲ್ಲಿ.

ಹಸಿರು ಬೀಗ ಒತ್ತಿದ್ಮೇಲೆ ಬರೋ ಪಿಡಿಎಫ್ ನೋಡಿ ಕೆಲವ್ರು ಗಾಬರಿ ಆಗ್ತಾರೆ, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಎಷ್ಟೋ ಸಲ ಅದು ಜರ್ನಲ್‌ನ ಚಂದದ ಎರಡು ಕಾಲಂ ಪುಟ ಆಗಿರಲ್ಲ. ಸಾಲುಗಳ ಮಧ್ಯೆ ದೊಡ್ಡ ಗ್ಯಾಪು, ಎಡಗಡೆ 1, 2, 3 ಅಂತ ಲೈನ್ ನಂಬರು, ಟೇಬಲ್ಲು ಮ್ಯಾಪು ಎಲ್ಲಾ ಕಟ್ಟಕಡೇಲಿ ಒಟ್ಟಿಗೆ ಇರತ್ತೆ. ಅದು ಲೇಖಕರು ಕಳ್ಸಿ, ಬೇರೆ ತಜ್ಞರ ರಿವ್ಯೂ ಮುಗಿದು, ಜರ್ನಲ್‌ನ ಒಪ್ಪಿಗೆ ಆದ ಪ್ರತಿ. ವಿಷಯ ಅದೇ, ಡಿಸೈನ್ ಮಾತ್ರ ಇಲ್ಲ. ಹೀಗೆ ಒಂದು ಪ್ರತಿಯ ಕೊನೇಲಿ ಯಾವ ಹಳ್ಳಿ, ಬೋರ್‌ವೆಲ್ ಎಷ್ಟು ಆಳ, ಫ್ಲೋರೈಡ್ ಎಷ್ಟು ಅಂತ ಟೇಬಲ್ ಇತ್ತು, ನಮ್ಮ ಹುಡುಗ್ರು ಕುಡಿಯೋ ನೀರಿನ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಿರೋದಕ್ಕೆಲ್ಲಾ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಾ ಅವರವರ ಊರು ಹುಡುಕ್ತಿದ್ರು. ಅಬ್‌ಸ್ಟ್ರಾಕ್ಟ್ ಓದಿದ್ರೆ ಇದು ಸಿಗಲ್ಲ ನೋಡಿ, ಊರಿಗೆ ಬೇಕಾಗಿರೋದು ಟೇಬಲ್ಲು. ಆದ್ರೆ ಹುಷಾರು, ಕೆಲವು ಸಲ ಸಿಗೋದು ರಿವ್ಯೂಗೆ ಮುಂಚಿನ ಪ್ರಿಪ್ರಿಂಟ್ ಆಗಿರತ್ತೆ, ಯಾವ್ದು ಅಂತ ಮೊದಲ ಪುಟದಲ್ಲಿ ನೋಡ್ಕೊಂಡು ಆಮೇಲೆ ನಂಬಿ.

ಪೇಪರ್‌ಗಳ ಕಳ್ಳಪ್ರತಿ ಕೊಡೋ ಸೈ-ಹಬ್ ವೆಬ್‌ಸೈಟ್ ಇರ್ಬೇಕಾದ್ರೆ ಇದ್ಯಾಕೆ ಅಂತ ಕೇಳೋರು ಇದ್ರು. 2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಬ್ಲಾಕ್ ಮಾಡಕ್ಕೆ ಆದೇಶ ಕೊಟ್ಟಾಯ್ತು. ಅನ್‌ಪೇವಾಲ್‌ನಲ್ಲಿ ಆ ಭಯ ಇಲ್ಲ, ಕಳ್ಳಪ್ರತಿ ತೋರ್ಸೋದೇ ಇಲ್ಲ, ಹಾಗಾಗಿ ಕ್ಲಾಸಲ್ಲಿ ಪ್ರೊಜೆಕ್ಟರ್ ಹಾಕಿ ಧೈರ್ಯವಾಗಿ ತೋರಿಸ್ಬಹುದು.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ಒಂದು, ಮೊಬೈಲ್ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಕ್ಕಾಗಲ್ಲ, ನಮ್ಮ ಹುಡುಗ್ರಲ್ಲಿ ಬಹಳ ಜನಕ್ಕೆ ಫೋನೇ ಕಂಪ್ಯೂಟರ್. ಫೋನಲ್ಲಿ ಓದೋರು ಸ್ಕಾಲರ್‌ನಲ್ಲಿ ಪೇಪರ್ ಕೆಳಗೆ ಇರೋ ಎಲ್ಲಾ ಆವೃತ್ತಿ ಅನ್ನೋ ಲಿಂಕ್ ಒತ್ತಿ ನೋಡಿ, ಕೆಲವು ಸಲ ಫ್ರೀ ಪ್ರತಿ ಅಲ್ಲೇ ಸಿಗತ್ತೆ. ಇನ್ನೊಂದು ಮುಖ್ಯವಾದ್ದು, ಡಿಓಐ ಇಲ್ದಿದ್ರೆ ಇದಕ್ಕೆ ಕಣ್ಣೇ ಕಾಣಲ್ಲ. ನಮ್ಮ ಕಡೆ ಎಷ್ಟೋ ಸಣ್ಣ ಜರ್ನಲ್‌ಗೆ ಡಿಓಐ ಇಲ್ಲ, ಕನ್ನಡದ ಸಂಶೋಧನೆಗಂತೂ ಕೇಳ್ಲೇಬೇಡಿ. ಪಿಎಚ್‌ಡಿ ಪ್ರಬಂಧ ಬೇಕಾದ್ರೆ ಇನ್‌ಫ್ಲಿಬ್‌ನೆಟ್‌ನವ್ರ ಆನ್‌ಲೈನ್ ಪ್ರಬಂಧ ಭಂಡಾರ ಶೋಧಗಂಗಾಗೇ ಹೋಗ್ಬೇಕು, ಅಲ್ಲಿ ಅಧ್ಯಾಯಕ್ಕೊಂದು ಪಿಡಿಎಫ್ ಅಂತ ಬಿಡಿಬಿಡಿಯಾಗಿ ಇರತ್ತೆ, ಇಳಿಸ್ಕೊಳ್ಳೋದು ತಾಳ್ಮೆ ಕೆಲಸ, ಆದ್ರೆ ಕನ್ನಡದಲ್ಲಿ ಬರೆದಿರೋ ಪ್ರಬಂಧಗಳೂ ಸಿಗ್ತವೆ.

ಸರ್ಕಾರಿ ಕಾಲೇಜಿನ ಗೆಳೆಯರು ಹೇಳ್ತಾರೆ, ನಮಗೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ (ಕೇಂದ್ರವೇ ದುಡ್ಡು ಕಟ್ಟಿ ಜರ್ನಲ್ ಓದಿಸೋ ಯೋಜನೆ) ಬಂದಿದೆ, ಇದೆಲ್ಲಾ ಯಾಕೆ ಅಂತ. ಒಳ್ಳೇದೇ, ಇಲ್ಲ ಅನ್ನಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್. ಆದ್ರೆ ಅದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮಂಥ ಪ್ರೈವೇಟ್ ಕಾಲೇಜಿನೋರು, ಊರಿನ ಪತ್ರಕರ್ತರು, ಕೆರೆ ಉಳಿಸೋಕೆ ಓಡಾಡೋರು, ರೈತ ಸಂಘದೋರು, ಇವ್ರೆಲ್ಲಾ ಹೊರಗೇ. ಕೆ.ಸಿ. ವ್ಯಾಲಿ ನೀರು 2018ರಲ್ಲಿ ನಮ್ಮ ಕೆರೆಗೆ ಬಂದಾಗಿಂದ ಎರಡನೇ ಹಂತದ ಶುದ್ಧೀಕರಣ ಸಾಕಾ, ಮೂರನೇದು ಬೇಕಾ, ಅಂತರ್ಜಲ ಏರಿದ್ರೂ ನೀರಿನ ಗುಣ ಏನು ಅಂತ ಜಗಳ ನಡೀತಾನೇ ಇದೆ, ಎರಡೂ ಕಡೆಯೋರು ವರದಿ ಹೇಳತ್ತೆ ಅಂತಾರೆ, ಆ ವರದಿ ಪೂರ್ತಿ ಓದಿರೋರು ಸಭೇಲಿ ಒಬ್ಬರೂ ಇರಲ್ಲ. ಓದಕ್ಕೆ ಸಿಕ್ಕಿದ್ರೆ ತಾನೇ ಓದೋದು!

ಓಪನ್ ಆಕ್ಸೆಸ್ (ಪೇಪರ್ ಎಲ್ರಿಗೂ ಫ್ರೀಯಾಗಿ ಓದಕ್ಕೆ ಬಿಡೋದು) ಅಂದ್ರೆ ಎಲ್ಲಾ ಕಡೆ ಒಳ್ಳೇದೇ ನಡೀತಿದೆ ಅಂತಾನೂ ಅಂದ್ಕೋಬೇಡಿ. ಓದೋರ ಹತ್ರ ತಗೊಳ್ಳೋ ಬದಲು ಬರೆಯೋರ ಹತ್ರ ತಗೊಳ್ಳೋ ಪದ್ಧತಿ ಬಂದಿದೆ, ನೇಚರ್ ಪತ್ರಿಕೆ 2021ರಲ್ಲಿ ಒಂದು ಪೇಪರ್ ಓಪನ್ ಮಾಡಕ್ಕೆ ಇಟ್ಟ ರೇಟು 9,500 ಯೂರೋ. ನಮ್ಮ ಮೇಷ್ಟ್ರುಗಳು ಅದನ್ನೆಲ್ಲಿಂದ ಕಟ್ತಾರೆ? ಅದಕ್ಕೇ ಲೇಖಕರು ಒಪ್ಪಿಗೆ ಆದ ಪ್ರತೀನ ತಮ್ಮ ಸಂಸ್ಥೆಯ ರೆಪಾಸಿಟರಿಗೆ ಹಾಕೋ ದಾರಿ ನಂಗೆ ಹೆಚ್ಚು ಇಷ್ಟ, ಬಹಳ ಜರ್ನಲ್‌ಗಳು ಇದಕ್ಕೆ ಒಪ್ತವೆ, ಕೆಲವು ಮಾತ್ರ ಆರು ತಿಂಗಳು ಒಂದು ವರ್ಷ ಕಾಯಿರಿ ಅಂತಾವೆ. ಬೆಂಗಳೂರಿನ ಐಐಎಸ್‌ಸಿ 2002ರಲ್ಲೇ ಇ-ಪ್ರಿಂಟ್ಸ್ ಅಂತ ರೆಪಾಸಿಟರಿ ಶುರುಮಾಡಿತ್ತು. ಕೇಂದ್ರದ ವಿಜ್ಞಾನ-ತಂತ್ರಜ್ಞಾನ (ಡಿಎಸ್‌ಟಿ), ಜೈವಿಕ ತಂತ್ರಜ್ಞಾನ (ಡಿಬಿಟಿ) ಇಲಾಖೆಗಳು 2014ರಲ್ಲೇ ತಾವು ದುಡ್ಡು ಕೊಟ್ಟ ರಿಸರ್ಚ್‌ನ ಪೇಪರ್ ರೆಪಾಸಿಟರಿಗೆ ಹಾಕಿ ಅಂತ ನೀತಿ ಮಾಡಿದಾವೆ. ಆದ್ರೂ ನಂಗೆ ಬೂದು ಬೀಗ ಇನ್ನೂ ಸಿಗ್ತಾನೇ ಇರತ್ತೆ. ನಮ್ಮ ಜಿಲ್ಲೆಗೆ ಬಾಟ್ಲಿ ಹಿಡ್ಕೊಂಡು ಸ್ಯಾಂಪಲ್‌ಗೆ ಬರೋ ರಿಸರ್ಚ್ ಸ್ಕಾಲರ್‌ಗಳೇ, ಗೈಡ್‌ಗಳೇ, ದಯವಿಟ್ಟು ಆ ಒಂದು ಫೈಲ್ ಅಪ್‌ಲೋಡ್ ಮಾಡಿ.

ಬೂದು ಬೀಗ ಬಂದ್ರೆ ಬಿಟ್ಬಿಡಬೇಡಿ. ಅಬ್‌ಸ್ಟ್ರಾಕ್ಟ್ ಪೇಜಲ್ಲಿ ಲೇಖಕರ ಹೆಸರ ಪಕ್ಕ ಸಣ್ಣ ಕವರ್ ಚಿಹ್ನೆ ಇರತ್ತೆ, ಅದು ಅವ್ರ ಇಮೇಲ್. ನಾವು ಇಂಥ ಊರೋರು, ನಮ್ಮೂರ ನೀರಿನ ಬಗ್ಗೆ ನೀವು ಬರೆದಿರೋದು ಓದ್ಬೇಕಿತ್ತು, ಪಿಡಿಎಫ್ ಕಳಿಸ್ತೀರಾ ಅಂತ ಎರಡು ಸಾಲು ಬರೀರಿ, ಪೇಪರ್ ಹೆಸರು ಸರಿಯಾಗಿ ಹಾಕಿ. ನಂಗೆ ಎಷ್ಟೋ ಸಲ ಮಾರನೇ ದಿನಾನೇ ಬಂದಿದೆ.