ಪಕ್ಕದ ಮನೆಯ ಮರ ವಾಲಿದ್ದರೆ ಮಳೆ ಹಿಡಿಯುವವರೆಗೆ ಕಾಯಬೇಡಿ

ಹೊಸನಗರ ತಾಲ್ಲೂಕಿನ ಸಣ್ಣ ಊರು ನಮ್ಮದು. ಕಳೆದ ವರ್ಷ ಆರಿದ್ರಾ ಮಳೆಯ ಒಂದು ರಾತ್ರಿ ಪಕ್ಕದ ಮನೆಯವರ ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಮರ ಬುಡಸಮೇತ ಕಿತ್ತು ನಮ್ಮ ಕೊಟ್ಟಿಗೆ ಮೇಲೆ ಬಿತ್ತು. ಒಳಗೆ ಗಬ್ಬದ ಹಸು ಇತ್ತು. ಉಳಿಯಲಿಲ್ಲ.

ಇದು ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಎರಡು ವರ್ಷದ ಹಿಂದೆ ಅವರು ಅಂಗಳ ಅಗಲ ಮಾಡಲು ಜೆಸಿಬಿ ತರಿಸಿ ಬೇಲಿ ಪಕ್ಕದ ಧರೆ (ಮಣ್ಣಿನ ದಿಬ್ಬ) ಕಡಿಸಿದರು. ಮರದ ಪಡುವಣ ಬದಿಯ ಬೇರೆಲ್ಲ ತುಂಡಾಯಿತು. ನಮ್ಮಲ್ಲಿ ಮಳೆಗಾಳಿ ಬರುವುದೇ ಪಡುವಣದಿಂದ. ಅದಕ್ಕೆ ಎದುರಾಗಿ ಮರವನ್ನು ಹಿಡಿದಿದ್ದದ್ದು ಆ ಬೇರುಗಳೇ. ಮುಂದಿನ ಮಳೆಗಾಲಕ್ಕೆ ಬುಡದಲ್ಲಿ ಅಣಬೆ ಎದ್ದಿತು, ತುದಿಯ ಕೊಂಬೆ ಒಣಗಿತು, ಧರೆಯ ಮೇಲೆ ಮಣ್ಣು ಬಿರಿಯಿತು. ನಾನು ದಿನಾ ನೋಡುತ್ತಿದ್ದೆ.

ಹೇಳಲಿಲ್ಲ ಅಂತಲ್ಲ, ಹೇಳಿದ್ದೆ. "ಅಣ್ಣಯ್ಯ, ಮರ ಕಡಿಯೋದು ಬೇಡ, ಕೊಂಬೆ ಸವರಿ ಭಾರ ಇಳಿಸಿ ಸಾಕು" ಅಂದೆ. "ಈ ವರ್ಷದ ಮಿಡಿ ಒಂದು ಕೊಯ್ದುಬಿಡ್ತೀನಿ ಮಾರಾಯ" ಅಂದರು. ಅವರ ಅಜ್ಜನ ಕಾಲದ ಮರ. ವರ್ಷವೂ ನಮ್ಮ ಮನೆಗೂ ಮಿಡಿ ಕೊಡುತ್ತಿದ್ದರು. ಹೇಗೆ ಜಗಳ ಮಾಡೋದು? ಮಿಡಿ ಕೊಯ್ಲು ಮುಗಿಯಿತು, ಮರ ಹತ್ತುವ ಆಳು ಸಿಗಲಿಲ್ಲ, ಮಳೆ ಹಿಡಿಯಿತು. ಒದ್ದೆ ಮರ ಯಾರೂ ಹತ್ತುವುದಿಲ್ಲ.

ಮರದ ಜೊತೆ ಕರೆಂಟಿನ ತಂತಿಯೂ ಅಂಗಳಕ್ಕೆ ಬಿದ್ದಿತ್ತು. ಅಪ್ಪ ಟಾರ್ಚ್ ಹಿಡಿದು ಹಸುವಿನ ಕಡೆ ಓಡಲು ಹೊರಟಿದ್ದರು. ಕೈ ಹಿಡಿದು ಎಳೆದು ನಿಲ್ಲಿಸಿದೆ. ಅದನ್ನು ನೆನೆದರೆ ಈಗಲೂ ನಡುಕ ಬರುತ್ತದೆ. ತಂತಿ ಬಿದ್ದಿದ್ದರೆ ದಯವಿಟ್ಟು ಹತ್ತಿರ ಹೋಗಬೇಡಿ, ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಇನ್ನೊಂದು ತಪ್ಪು ಮಾಡಿದೆವು. ಬೆಳಗಾಗುತ್ತಲೇ ಎಲ್ಲರೂ ಸೇರಿ ಮರ ಕಡಿದು ಸರಿಸಿ, ಹಸುವನ್ನು ಹೂತೆವು. ಒಂದು ಫೋಟೋ ಇಲ್ಲ, ಪಶುವೈದ್ಯರ ಮರಣೋತ್ತರ ವರದಿ ಇಲ್ಲ. ಪರಿಹಾರ ಕೇಳಲು ಹೋದಾಗ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ನನಗೆ ಆಮೇಲೆ ಗೊತ್ತಾಗಿದ್ದು ನಿಮಗೆ ಮೊದಲೇ ಗೊತ್ತಿರಲಿ. ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ. ಮರದ ಮಾಲೀಕರಿಗೆ ಫೋಟೋ ಸಮೇತ ಬರೆದು ಕೊಡಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಕೇಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು, ನಮಗಾದರೆ ಸಾಗರದಲ್ಲಿ. ಬೀಳುವಂತಿರುವ ಮರವನ್ನು ತೆಗೆಸಲು ಅಥವಾ ಆಧಾರ ಕೊಡಿಸಲು ಆದೇಶ ಮಾಡುವ ಅಧಿಕಾರ ಅವರಿಗಿದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಆಗಿದ್ದದ್ದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ನೀವೇ ಹೋಗಿ ಕೊಡಲಿ ಹಾಕಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಹೆಚ್ಚಿನ ಮರಗಳಿಗೆ ಅನುಮತಿ ಬೇಕು. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿ.

ಅದೇ ಧರೆಯ ಮೇಲೆ ಒಂದು ಹಲಸಿನ ಮರ ಇದೆ. ಈ ವರ್ಷ ಸಂಕ್ರಾಂತಿ ಕಳೆದ ವಾರವೇ ಅಣ್ಣಯ್ಯ ತಾವಾಗಿ ಆಳು ಕರೆಸಿ ಅದನ್ನು ಸವರಿಸಿದರು.